ಗಡಿಬಿಡಿ ಚಿಕ್ಕಪ್ಪನ ಎರಡು ನಿಮಿಷ

ನಮ್ಮ ಚಿಕ್ಕಪ್ಪನಿಗೆ ಬಸ್ ಡಿಪೋದವರು ಇಟ್ಟ ಹೆಸರು ಗಡಿಬಿಡಿ. ಮೂವತ್ತು ವರ್ಷ ಬಸ್ಸು ಓಡಿಸಿದವರು, ತಡ ಎಂಬ ಮಾತು ಕೇಳಿದರೇ ಅವರ ಮೈ ಉರಿಯುತ್ತಿತ್ತು. ಊಟಕ್ಕೆ ಕೂತರೆ ಕೊನೆಯ ತುತ್ತು ಬಾಯಲ್ಲಿರುವಾಗಲೇ ಎದ್ದು ನಿಲ್ಲುವರು. ಮದುವೆಯ ದಿನ ಹೆಣ್ಣಿನ ಕಡೆಯವರಿಗಿಂತ ಮೊದಲೇ ಬಂದು ಬೀಗ ಹಾಕಿದ ಛತ್ರದ ಬಾಗಿಲ ಮುಂದೆ ನಿಂತಿದ್ದರಂತೆ. ಚಿಕ್ಕಮ್ಮ ಈಗಲೂ ಅದನ್ನು ಹೇಳಿ ಕಾಲೆಳೆಯುತ್ತಾರೆ. ಇಂಥ ಮನುಷ್ಯನನ್ನು ದೇವರು ಮೂರು ವರ್ಷ ಒಂದು ಕುರ್ಚಿಯ ಮೇಲೆ ಕೂರಿಸಿದ.

ಆದದ್ದಿಷ್ಟು. ಒಂದು ಮಧ್ಯಾಹ್ನ ಎರಡು ನಿಮಿಷ ತಡವಾಗಿತ್ತು. ಅದನ್ನು ಸರಿಮಾಡಿಕೊಳ್ಳಲು ಹೋಗಿ ಆಸ್ಪತ್ರೆಯ ತಿರುವಿನಲ್ಲಿ ಬಸ್ಸು ಗೋಡೆಗೆ ಗುದ್ದಿತು. ಮುಂದಿನ ಸೀಟಿನಲ್ಲಿದ್ದ ಟೀಚರೊಬ್ಬರಿಗೆ ತಲೆಗೆ ಪೆಟ್ಟಾಗಿ ಎರಡು ದಿನ ಎಚ್ಚರವೇ ಇರಲಿಲ್ಲ. ಚಿಕ್ಕಪ್ಪ ಆಸ್ಪತ್ರೆಯಲ್ಲಿ, ಆಕೆಯ ಕೋಣೆಯ ಹೊರಗೆ ನಿಂತು ದೇವರಿಗೆ ಮಾತು ಕೊಟ್ಟರು: ಆಕೆ ಕಣ್ಣು ತೆರೆಯಲಿ, ನಾನು ಸುಳ್ಳು ಹೇಳುವುದಿಲ್ಲ, ನೀನು ಕೂರಿಸಿದ ಕಡೆ ಕೂರುತ್ತೇನೆ. ಆಕೆ ಕಣ್ಣು ತೆರೆದು ನೀರು ಕೇಳಿದರು. ಚಿಕ್ಕಪ್ಪ ನೇರವಾಗಿ ಡಿಪೋಗೆ ಹೋಗಿ, ತಪ್ಪು ನನ್ನದು, ಜೋರಾಗಿ ಓಡಿಸಿದೆ ಎಂದು ಬರೆದುಕೊಟ್ಟರು.

ವಿಚಾರಣೆ ಮುಗಿಯುವ ತನಕ ಸ್ಟಿಯರಿಂಗ್ ಮುಟ್ಟುವಂತಿಲ್ಲ ಎಂದಾಯಿತು. ಜನ ಬಸ್ಸಿನಲ್ಲಿ ಮರೆತುಹೋದ ಸಾಮಾನು ಇಡುವ ಕೋಣೆಗೆ ಅವರನ್ನು ಹಾಕಿದರು. ಒಂದು ಕುರ್ಚಿ, ಒಂದು ಕಿಟಕಿ, ಛತ್ರಿಗಳ ರಾಶಿ, ಊಟದ ಡಬ್ಬಿಗಳು, ಯಾರದೋ ಹಲ್ಲಿನ ಸೆಟ್ಟು. ಹಲ್ಲು ಮರೆತು ಇಳಿದವರು ಮನೆಯಲ್ಲಿ ಏನು ತಿಂದರೋ! ನಿವೃತ್ತಿಗೆ ಇನ್ನು ಮೂರೇ ವರ್ಷವಿತ್ತು. ಅಷ್ಟರೊಳಗೆ ಒಂದೇ ಒಂದು ಸಲವಾದರೂ ಮತ್ತೆ ಬಸ್ಸು ಓಡಿಸಬೇಕು, ಚಿಕ್ಕಪ್ಪನಿಗೆ ಇದ್ದದ್ದು ಅದೊಂದೇ ಆಸೆ.

ವಿಚಾರಣೆ ಆರು ಸಲ ಮುಂದಕ್ಕೆ ಹೋಯಿತು. ಒಮ್ಮೆ ಅಧಿಕಾರಿಗೆ ವರ್ಗ, ಒಮ್ಮೆ ಫೈಲು ಸಿಗಲಿಲ್ಲ, ಒಮ್ಮೆ ಕಾರಣವನ್ನೇ ಹೇಳಲಿಲ್ಲ. ಚಿಕ್ಕಪ್ಪ ಛತ್ರಿಗಳನ್ನು ಉದ್ದ ನೋಡಿ ಜೋಡಿಸಿದರು, ಕೆಡವಿ ಬಣ್ಣ ನೋಡಿ ಜೋಡಿಸಿದರು. ಕಿಟಕಿಯಾಚೆ ಬಸ್ಸು ಹೊರಟಾಗಲೆಲ್ಲ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಕುರ್ಚಿಯ ಮುಂದೆ ಅಂಗೈ ಅಗಲ ನೆಲದ ಬಣ್ಣ ಸವೆದುಹೋಗಿತ್ತು. ಬೆಳಗಿನ ಪ್ರಾರ್ಥನೆಯೂ ಅರ್ಧ ಜಗಳವೇ. "ಎಷ್ಟು ದಿನ ಸ್ವಾಮಿ? ಒಂದು ತಾರೀಕಾದ್ರೂ ಹೇಳು!" ಎಂದು ಗೋಡೆಗೆ ಮುಖ ಮಾಡಿ ಕೇಳುವುದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು.

"ಇಷ್ಟು ಒದ್ದಾಡ್ತೀರಲ್ಲ, ದೇವರನ್ನ ನಂಬಿದವರು ಸಮಾಧಾನವಾಗಿ ಇರಬೇಕಲ್ವಾ?" ಎಂದು ನಾನೊಮ್ಮೆ ಕೆಣಕಿದೆ.

"ಅವನು ಕೂರು ಅಂದ, ಕೂತಿದೀನಿ ಕಣೇ. ಸಮಾಧಾನವಾಗಿ ಕೂರು ಅಂತ ಏನೂ ಹೇಳಿಲ್ಲ."

ನಿವೃತ್ತಿಗೆ ಆರು ತಿಂಗಳಿದ್ದಾಗ ಡಿಪೋ ಮ್ಯಾನೇಜರು ಒಂದು ಹಾಳೆ ಹಿಡಿದು ಬಂದರು. ಫೈಲು ಮುಚ್ಚಿದರೆ ಸಾಕು ಎನ್ನುವಷ್ಟು ಅವರಿಗೂ ಸಾಕಾಗಿತ್ತು. ಚಿಕ್ಕಮ್ಮ ಊಟದ ಡಬ್ಬಿ ಕೊಟ್ಟುಬರಲು ಹೋಗಿದ್ದವರು ಅಲ್ಲೇ ಇದ್ದರು.

"ಬ್ರೇಕ್ ಹಿಡೀಲಿಲ್ಲ ಅಂತ ಒಂದು ಸಾಲು ಬರೆಸಿದೀನಿ. ಆಕ್ಸಿಡೆಂಟಿನ ಹಿಂದಿನ ದಿನ ಬ್ರೇಕ್ ನೋಡಿದ್ದು ಆ ಮೆಕ್ಯಾನಿಕ್ಕು, ತಪ್ಪು ಅವನದಾಗುತ್ತೆ. ನೀವು ಸಹಿ ಹಾಕಿ, ಸೋಮವಾರ ಬಸ್ ತಗೊಂಡ್ ಹೋಗಿ."

ಚಿಕ್ಕಪ್ಪ ಪೆನ್ನು ತೆಗೆದುಕೊಂಡರು. ಇದನ್ನು ಮುಚ್ಚಿಡುವುದಿಲ್ಲ, ತೆಗೆದುಕೊಂಡರು. ಕ್ಯಾಪು ತೆಗೆದು, ಹಾಳೆಯ ಮೇಲೆ ಕೈಯನ್ನೂ ಇಟ್ಟರು. ಕಿಟಕಿಯಾಚೆ ಬಸ್ಸಿನಡಿಯಿಂದ ಅದೇ ಮೆಕ್ಯಾನಿಕ್ಕನ ಎರಡು ಕಾಲು ಹೊರಚಾಚಿದ್ದವು. ಚಿಕ್ಕಪ್ಪ ಆ ಕಾಲುಗಳನ್ನೇ ನೋಡುತ್ತ ಕೂತರು. ಆಮೇಲೆ ಪೆನ್ನು ವಾಪಸು ಕೊಟ್ಟು, "ಆಗಲ್ಲ ಸಾರ್, ನಾನು ಮಾತು ಕೊಟ್ಟಿದೀನಿ" ಎಂದರು.

"ಯಾರಿಗೆ?"

ಚಿಕ್ಕಪ್ಪ ಮೇಲೆ ನೋಡಿದರು. ಮ್ಯಾನೇಜರೂ ಮೇಲೆ ನೋಡಿದರು, ಅಲ್ಲಿ ಫ್ಯಾನು ತಿರುಗುತ್ತಿತ್ತು.

ನಾನಾಗಿದ್ದರೆ ಸಹಿ ಜಡಿದು ಟೀ ಕುಡಿದು ಬರುತ್ತಿದ್ದೆ. ನನಗೆ ದೇವರ ಮೇಲೇ ಸಿಟ್ಟು ಬಂದಿತ್ತು. ಚಿಕ್ಕಮ್ಮ ಮನೆಗೆ ಬಂದವರೇ, "ರೀ, ಮಾತು ಕೊಡುವಾಗ ನನ್ನನ್ನೂ ಒಂದು ಮಾತು ಕೇಳಬಾರದಿತ್ತಾ? ನಿಮ್ಮ ಜೊತೆ ನಾನೂ ಕಾಯ್ತಾ ಇಲ್ವಾ?" ಎಂದು ಅತ್ತರು. ಮಾರನೆಯ ದಿನ ಚಿಕ್ಕಪ್ಪ ಹತ್ತು ನಿಮಿಷ ಮೊದಲೇ ಹೋಗಿ ಛತ್ರಿಗಳ ಮುಂದೆ ಕೂತರು.

ವಿಚಾರಣೆ ಕೊನೆಗೂ ನಡೆಯಿತು. ತಪ್ಪು ಒಪ್ಪಿಕೊಂಡಿದ್ದಾರೆ, ಅನುಭವಿಸಿದ್ದು ಸಾಕು ಎಂದು ಆದೇಶ ಬಂದಾಗ ನಿವೃತ್ತಿಗೆ ಉಳಿದಿದ್ದದ್ದು ಹನ್ನೊಂದು ದಿನ. "ಮೂರು ವರ್ಷ ತಿಂದು ಹನ್ನೊಂದು ದಿನ ಕೊಟ್ಟನಲ್ಲ ನಿಮ್ಮ ದೇವರು" ಎಂದೆ. ಚಿಕ್ಕಪ್ಪ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದರು, ನನ್ನ ಮಾತು ಕಿವಿಗೇ ಬೀಳಲಿಲ್ಲ.

ಮೊದಲ ದಿನ ನಾನೂ ಚಿಕ್ಕಮ್ಮನೂ ಹಿಂದಿನ ಸೀಟಿನಲ್ಲಿ ಕೂತೆವು. ಆಸ್ಪತ್ರೆಯ ತಿರುವು ಬಂತು. ಬಸ್ಸು ಎಷ್ಟು ನಿಧಾನವಾಯಿತೆಂದರೆ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದ. ಚಿಕ್ಕಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಕೊನೆಯ ನಿಲ್ದಾಣದಲ್ಲಿ ಸಮಯ ಬರೆಯುವವನು ಗಡಿಯಾರ ನೋಡಿ ನಕ್ಕ. "ಏನ್ರೀ ಗಡಿಬಿಡಿ, ನೀವೂ ಲೇಟಾ? ಎರಡೇ ನಿಮಿಷ ಬಿಡಿ, ಸರಿಯಾದ ಟೈಮೇ ಹಾಕ್ತೀನಿ."

"ಬೇಡ. ಎರಡು ನಿಮಿಷ ಲೇಟು ಅಂತಲೇ ಬರೀರಿ" ಎಂದರು ಚಿಕ್ಕಪ್ಪ. ಅವನು ಬರೆದು ಮುಗಿಸುವ ತನಕ ಅವನ ಕಿಟಕಿಯ ಹತ್ತಿರವೇ ಕಾದು ನಿಂತಿದ್ದರು.