ಮಲಗುವ ಗಿಪ್ಸು, ನಡೆಯುವ ಗಿಪ್ಸು

ಮುರಿದ ಮೂಳೆಗಳ ವಿಷಯದಲ್ಲಿ ನನಗಿರುವ ತಿಳಿವಳಿಕೆಯೆಲ್ಲ ಜರ್ಮನ್ ಭಾಷೆಯಿಂದ ಬಂದದ್ದು. ಹಾಗೆಂದು ನಾನು ಡಾಕ್ಟರಲ್ಲ, ಜರ್ಮನಿಯನ್ನು ಕಂಡವಳೂ ಅಲ್ಲ. ಕಾಲೇಜಿನಲ್ಲಿ ಫ್ರೆಂಚ್ ತರಗತಿ ಭರ್ತಿಯಾಗಿತ್ತು, ಜರ್ಮನ್ ತರಗತಿಯಲ್ಲಿ ಫ್ಯಾನಿನ ಕೆಳಗೇ ಜಾಗವಿತ್ತು, ಹೋಗಿ ಕೂತೆ. ಅದರ ಫಲವಾಗಿ ಈಗ ಕೊಪ್ಪದ ನಮ್ಮ ಮನೆಯ ಊಟದ ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕಂಪನಿಯವರು ಕಳಿಸುವ ಜರ್ಮನ್ ಆಸ್ಪತ್ರೆಯ ಕಾಗದಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತೇನೆ. ಅಲ್ಲಿ ಯಾರೋ ಹಿಮದ ಮೇಲೆ ಜಾರಿ ಬಿದ್ದರೆ ಇಲ್ಲಿ ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಬರುತ್ತದೆ. ಲೋಕ ಹೀಗೆ ನಡೆಯುತ್ತಿರುವುದರಲ್ಲಿ ನನ್ನ ತಪ್ಪೇನೂ ಇಲ್ಲ.

ಜರ್ಮನರು ಪ್ಲಾಸ್ಟರಿಗೆ ಗಿಪ್ಸ್ ಅನ್ನುತ್ತಾರೆ. ನಾವು ಅದೇ ಹುಡಿಯನ್ನು ಸೀಲಿಂಗಿಗೆ ಬಳಿಸಿ ಜಿಪ್ಸಮ್ ಅನ್ನುತ್ತೇವೆ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ‘ಕಾಲಿಗೆ ಸಿಮೆಂಟ್ ಹಾಕಿದಾರಂತೆ’ ಅನ್ನುವವರೂ ಸಿಗುತ್ತಾರೆ, ಯಾರಿಗೂ ಅರ್ಥವಾಗದೆ ಇರುವುದಿಲ್ಲ. ಜರ್ಮನರಿಗೆ ಅಷ್ಟು ಸಾಲದು. ಪ್ಲಾಸ್ಟರು ಎಲ್ಲಿಂದ ಎಲ್ಲಿಯವರೆಗೆ, ಹಾಕಿಸಿಕೊಂಡವನು ಏನು ಮಾಡಬಹುದು, ಏನು ಮಾಡಬಾರದು, ಎಲ್ಲವನ್ನೂ ಒಂದೇ ಪದದೊಳಗೆ ತುರುಕಿ, ನಡುವೆ ಉಸಿರಾಡಲು ಸಂದು ಬಿಡದೆ ಬರೆಯುತ್ತಾರೆ. ತೊಡೆಯಿಂದ ಪಾದದ ಗಂಟಿನ ಮೇಲಿನವರೆಗೆ ಹಾಕುವುದಕ್ಕೆ ಅವರ ಹೆಸರು ‘ಗಿಪ್ಸ್‌ಟೂಟರ್’. ಕಂಪ್ಯೂಟರು ಅದನ್ನು ‘ಪ್ಲಾಸ್ಟರ್ ಟ್ಯೂಟರ್’ ಎಂದು ಅನುವಾದಿಸಿದಾಗ, ಮೈಗೆಲ್ಲ ಸುಣ್ಣ ಬಳಿದುಕೊಂಡ ಮನೆಪಾಠದ ಮೇಷ್ಟ್ರು ನನ್ನ ಕಣ್ಣ ಮುಂದೆ ನಿಂತರು. ಅವರನ್ನು ಅಳಿಸಿ ‘ಸಿಲಿಂಡರ್ ಕಾಸ್ಟ್’ ಎಂದು ಬರೆದೆ. ಇನ್ನೊಂದು ಜೋಡಿ ಇದೆ: ‘ಗೇಗಿಪ್ಸ್’ ಅಂದರೆ ಹಾಕಿಕೊಂಡು ನಡೆಯಬಹುದಾದ ಗಿಪ್ಸು, ‘ಲೀಗೆಗಿಪ್ಸ್’ ಅಂದರೆ ಮಲಗಿಯೇ ಇರಬೇಕಾದ ಗಿಪ್ಸು, ಕಾಲು ಊರುವಂತಿಲ್ಲ. ಎರಡನೆಯದನ್ನು ಇಂಗ್ಲಿಷಿಗೆ ಇದ್ದ ಹಾಗೇ ತಂದರೆ ‘ಲೈಯಿಂಗ್ ಕಾಸ್ಟ್’ ಆಗುತ್ತದೆ. ಆ ಭಾಷೆಯಲ್ಲಿ ಮಲಗುವುದಕ್ಕೂ ಸುಳ್ಳು ಹೇಳುವುದಕ್ಕೂ ಒಂದೇ ಮಾತಾದ್ದರಿಂದ, ‘ನಾನ್ ವೆಯ್ಟ್ ಬೇರಿಂಗ್’ ಎಂದು ಸುತ್ತಿ ಬಳಸಿ ಬರೆಯಬೇಕು.

ಇಷ್ಟೆಲ್ಲ ಪಾಂಡಿತ್ಯ ಸಂಪಾದಿಸಿಕೊಂಡಿದ್ದ ಹೊತ್ತಿಗೆ ಗಿರಿಜಮ್ಮ ಚಿಕ್ಕಮ್ಮ ಕಾಲು ಮುರಿದುಕೊಂಡರು.

ಇವರು ನಮ್ಮ ಯಜಮಾನರ ತಾಯಿಯ ತಂಗಿ. ನರಸಿಂಹರಾಜಪುರದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದಾರೆ. ಮಕ್ಕಳಿಲ್ಲ. ಚಿಕ್ಕಪ್ಪ ಚಿಕ್ಕ ವಯಸ್ಸಿನಲ್ಲೇ ಹೋದ ಮೇಲೆ ಅಂಗಡಿಯ ಬಾಗಿಲು ತೆಗೆಯುವುದೂ ಅವರೇ, ಹಾಕುವುದೂ ಅವರೇ. ಹಾಗೆ ಬಾಗಿಲು ಹಾಕಿ ಇಳಿಯುವಾಗ ಮೆಟ್ಟಿಲು ತಪ್ಪಿ, ಪಾದದ ಗಂಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿತು. ಕೊಪ್ಪದ ಡಾಕ್ಟರು ಮೊಣಕಾಲಿನ ಕೆಳಗೆ ಪೂರ್ತಿ ಪ್ಲಾಸ್ಟರ್ ಹಾಕಿ, ‘ಹೇಳೋವರೆಗೂ ಕಾಲು ಊರ್ಬೇಡಿ ಅಮ್ಮಾ’ ಅಂದರು. ಯಜಮಾನರು ಶೃಂಗೇರಿಯ ಬ್ಯಾಂಕಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹಗಲೆಲ್ಲ ಮನೆಯಲ್ಲಿರುವವಳು ನಾನು. ಹಾಗಾಗಿ ಚಿಕ್ಕಮ್ಮ ನಮ್ಮಲ್ಲಿಗೆ ಬಂದರು.

ಅವರಂಥ ರೋಗಿಯನ್ನು ನಾನು ಜರ್ಮನ್ ಕಾಗದಗಳಲ್ಲೂ ಕಂಡಿರಲಿಲ್ಲ. ಕೊಟ್ಟದ್ದನ್ನು ತಿನ್ನುತ್ತಿದ್ದರು, ನೋವು ಅನ್ನುತ್ತಿರಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ವಾಕರ್ ಹಿಡಿದು, ಮುರಿದ ಕಾಲೆತ್ತಿಕೊಂಡು ನನ್ನ ಜೊತೆ ಬಚ್ಚಲಿಗೆ ಬರುತ್ತಿದ್ದರು. ನಡುವೆ ಹೋಗಿ ಕೇಳಿದರೆ, “ಬ್ಯಾಡ ಮಾರಾಯ್ತಿ, ನಿನ್ನ ಕೆಲಸ ನೋಡ್ಕ” ಎಂದು ಕಳಿಸುತ್ತಿದ್ದರು. ನನ್ನ ಕೆಲಸದಲ್ಲಿ ಅವರಿಗೆ ಕುತೂಹಲವೂ ಇತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಗೇಗಿಪ್ಸು, ಲೀಗೆಗಿಪ್ಸುಗಳ ಕಥೆ ಹೇಳಿದೆ.

“ನಂದು ಯಾವ್ದು?” ಎಂದು ಕೇಳಿದರು.

“ಮಲಗೋದು, ಚಿಕ್ಕಮ್ಮ.”

“ಹೌದನ? ನಡೆಯೋದು ಇದ್ದೂ ಇದನ್ನ ಯಾಕ್ ಹಾಕಿದ ಅವ್ನು?”

ಮುಂದಿನ ಬಾರಿ ತೋರಿಸಲು ಹೋದಾಗ, ಕುರ್ಚಿಯಲ್ಲಿ ಕೂತವರೇ ಡಾಕ್ಟರಿಗೆ, “ನಂಗೆ ಗೇಗಿಪ್ಸು ಹಾಕಪ್ಪ” ಅಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡಿದೆ. ಅವರು ಚಿಕ್ಕಮ್ಮನ ಕಾಲೆತ್ತಿ, ಪಾದದಡಿಯನ್ನು ಬೆಳಕಿಗೆ ತಿರುಗಿಸಿದರು. ಪ್ಲಾಸ್ಟರಿನ ಹಿಮ್ಮಡಿ ಸವೆದು ಕಪ್ಪಾಗಿ ಬಿರಿದಿತ್ತು. ಬಿರುಕಿನಲ್ಲಿ ನಮ್ಮ ಬಚ್ಚಲಿನ ಹಸಿರು ಸಾಬೂನಿನ ಚೂರು ಸಿಕ್ಕಿಕೊಂಡಿತ್ತು.

“ಅಮ್ಮಾ, ಕಾಲು ಊರಿದ್ರಾ?”

“ಇಲ್ಲಪ್ಪ. ನೆಲಕ್ಕೆ ಮುಟ್ಸೇ ಇಲ್ಲ.”

ಡಾಕ್ಟರು ಆ ಹಸಿರು ಚೂರನ್ನು ಇನ್ನೊಮ್ಮೆ ನೋಡಿ, ಎಕ್ಸ್‌ರೇಗೆ ಕಳಿಸಿದರು. ಮೂಳೆ ಕೊಂಚ ಸರಿದಿತ್ತು. “ಇನ್ನೊಂದ್ಚೂರು ಸರಿದ್ರೆ ಆಪರೇಷನ್ ಮಾಡಿ ಪ್ಲೇಟ್ ಹಾಕ್ಬೇಕಾಗುತ್ತೆ” ಎಂದು ಸಿಟ್ಟಿಲ್ಲದೆ ಹೇಳಿ, ಹಳೆಯದನ್ನು ಒಡೆದು, ಹೊಸ ಪ್ಲಾಸ್ಟರ್ ಹಾಕಿದರು. ಅದೂ ಮಲಗುವುದೇ.

ಮನೆಗೆ ಬಂದು, ಅವರನ್ನು ಮಂಚದ ಮೇಲೆ ಕೂರಿಸಿ, ಕಾಲಿನಡಿ ದಿಂಬಿಟ್ಟು, “ಬಚ್ಚಲಿಗೆ ಹೋಗೋವಾಗ ಒಂದು ಸಲ ಕರೆದಿದ್ರೆ ಬರ್ತಿರಲಿಲ್ವ ಚಿಕ್ಕಮ್ಮ?” ಎಂದು ಕೇಳಿದೆ. ಗದರಿಸುವ ಯೋಚನೆಯೂ ಸ್ವಲ್ಪ ಇತ್ತು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು.

“ನಿಮ್ಮ ಚಿಕ್ಕಪ್ಪ ಹೋದ್ಮೇಲೆ ನಾನು ಯಾರನ್ನೂ ಕರ್ದಿಲ್ಲ ಮಾರಾಯ್ತಿ” ಅಂದರು. “ಬಾಯಿವರೆಗೆ ಬರುತ್ತೆ. ಆಮೇಲೆ ನಾನೇ ಎದ್ದು ಹೋಗ್ಬಿಡ್ತೀನಿ. ಹ್ಯಾಂಗೆ ಕರೀಬೇಕು ಅನ್ನೋದೇ ಮರ್ತೋಗಿದೆ.”

ಗದರಿಸುವುದು ಅಲ್ಲಿಗೇ ನಿಂತಿತು. ಆ ಸಂಜೆ ನನ್ನ ಲ್ಯಾಪ್‌ಟಾಪು ಊಟದ ಮೇಜಿನಿಂದ ಅವರ ಕೋಣೆಗೆ ಹೋಯಿತು. ಕಿಟಕಿಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಅಲ್ಲೇ ಕೆಲಸಕ್ಕೆ ಕೂತೆ. ಈ ಏರ್ಪಾಟಿನಲ್ಲಿ ಅವರು ನನ್ನನ್ನು ಕರೆಯಬೇಕಾಗಿರಲಿಲ್ಲ, ಮಂಚದಲ್ಲಿ ಮಿಸುಕಿದರೆ ಸಾಕಿತ್ತು. ನಾನು ಏನನ್ನೋ ಪರಿಹರಿಸಿದೆನೆಂದು ಕೆಲವು ದಿನ ಬೀಗಿದೆ. ಕರೆಯಲಾರದವರಿಗೆ ಕರೆಯುವ ಕೆಲಸವನ್ನೇ ತಪ್ಪಿಸಿಕೊಟ್ಟೆನಲ್ಲ, ಹೀಗಾದರೆ ಅವರು ಮತ್ತೆ ಕಲಿಯುವುದು ಯಾವಾಗ ಎಂಬುದು ನಿಧಾನವಾಗಿ ಹೊಳೆಯಿತು.

ಮೂಳೆ ಮತ್ತೆ ಸರಿಯಲಿಲ್ಲ. ಕೊನೆಗೊಂದು ದಿನ ಡಾಕ್ಟರು ಹಿಮ್ಮಡಿ ಗಟ್ಟಿಯಿರುವ ಹೊಸ ಪ್ಲಾಸ್ಟರ್ ಹಾಕಿ, “ತಗೊಳ್ಳಿ ಅಮ್ಮಾ, ನಿಮ್ಮ ಗೇಗಿಪ್ಸು” ಅಂದರು. ಆದರೆ ಪೂರ್ತಿ ಭಾರ ಹಾಕುವಂತಿಲ್ಲ. ಅರ್ಧ ಭಾರ ಕಾಲಿನ ಮೇಲೆ, ಉಳಿದದ್ದು ಬೇರೆ ಕಡೆ. ಜರ್ಮನರು ಇದಕ್ಕೆ ‘ಟೈಲ್‌ಬೆಲಾಸ್ಟುಂಗ್’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಪಾರ್ಷಿಯಲ್ ವೆಯ್ಟ್ ಬೇರಿಂಗ್’ ಎಂದು ನಾನೇ ಎಷ್ಟೋ ಸಲ ಬರೆದಿದ್ದೆ. ಉಳಿದ ಭಾರ ಎಲ್ಲಿಗೆ ಹೋಗುತ್ತದೆ ಎಂದು ಯಾವ ಭಾಷೆಯಲ್ಲೂ ಯೋಚಿಸಿರಲಿಲ್ಲ.

ಆಸ್ಪತ್ರೆಯ ಮುಂದಿನ ಮೆಟ್ಟಿಲಿನಲ್ಲಿ ವಾಕರ್ ಇಡಲು ಜಾಗವಿರಲಿಲ್ಲ. ನಾನು ಭುಜ ಕೊಟ್ಟೆ. ಚಿಕ್ಕಮ್ಮ ಕೈಯಿಟ್ಟರು. ಇಟ್ಟರು ಅನ್ನುವುದಕ್ಕಿಂತ ಸೋಕಿಸಿದರು. ಕಾಲು ಇಳಿಸಲು ಹೋಗಿ, ತಡೆದು, ಆಟೋದ ಕಡೆಗೊಮ್ಮೆ, ಮೆಟ್ಟಿಲ ಕಡೆಗೊಮ್ಮೆ ನೋಡಿದರು.

“ಬಾ ಇಲ್ಲಿ” ಅಂದರು, ನಾನು ಪಕ್ಕದಲ್ಲೇ ಇದ್ದರೂ. “ಸರಿಯಾಗಿ ಹಿಡ್ಕ ನನ್ನ.”

ಆಮೇಲೆ ಭಾರ ಬಿತ್ತು. ಪಾತ್ರೆ ಅಂಗಡಿಯ ಅಷ್ಟೂ ಹಂಡೆಗಳನ್ನು ಎತ್ತಿಳಿಸಿದ ಹೆಂಗಸು. ನನ್ನ ಮೊಣಕಾಲು ಒಮ್ಮೆ ಬಾಗಿತು.

“ಭಾರ ಆಯ್ತೇನೆ?”

“ಹೂಂ ಚಿಕ್ಕಮ್ಮ. ಚೆನ್ನಾಗೇ ಭಾರ ಇದ್ದೀರಿ.”

ಅವರು ಜೋರಾಗಿ ನಕ್ಕರು. ಕೈ ಮಾತ್ರ ತೆಗೆಯಲಿಲ್ಲ.