ಮೂವತ್ತಾರೂವರೆ ಆಗುವ ತನಕ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ದಾಳಿಂಬ ಊರಿನ ನಮ್ಮ ಓಣಿಯಲ್ಲಿ ಕೇಳದವರಿಗೂ ಹೇಳಿದ್ದೇನೆ, ಕೇಳಿದವರಿಗೆ ಮತ್ತೆ ಹೇಳಿದ್ದೇನೆ. ಬಾಯಿ ಸಾಲದೆ ಈಗ ಬರೆಯಲು ಕುಳಿತಿದ್ದೇನೆ. ನನ್ನ ಶಾಲೆ ಮೂರನೇ ಇಯತ್ತೆಗೆ ಮುಗಿಯಿತು, ಅದೂ ಮರಾಠಿಯಲ್ಲಿ. ಕನ್ನಡ ಅಕ್ಷರ ತವರೂರಿನ ಮಠದಲ್ಲಿ ಕಲಿತದ್ದು. ಆದರೂ ಬರೆಯದೆ ಇರಲಾರೆ.

ಕೂಸು ತಿಂಗಳು ತುಂಬುವ ಮೊದಲೇ ಬಂದಿತು, ಹೊಲದಲ್ಲಿ ಬಿಳಿಜೋಳಕ್ಕೆ ಹಾಲು ತುಂಬುವ ಚಳಿಯಲ್ಲಿ. ಉಮರ್ಗಾದ ದವಾಖಾನೆಯಲ್ಲಿ ಸೊಸೆಗೆ ಆಪರೇಶನ್ ಆಯಿತು, ಮರುದಿನ ಅವಳಿಗೆ ಜ್ವರವೂ ಬಂತು. ಕೂಸು ಉಸಿರಾಡುತ್ತಿತ್ತು, ಸಣ್ಣಗೆ ಅಳುತ್ತಿತ್ತು. ಆದರೆ ಮೈ ತಣ್ಣಗಾಗುತ್ತ ಹೋಗುತ್ತಿತ್ತು. ಡಾಕ್ಟರು ಬೆಳಿಗ್ಗೆ ಅದರ ಕಂಕುಳಿಂದ ಥರ್ಮಾಮೀಟರ್ ತೆಗೆದು ನೋಡಿ, "ಈಗ ಮೂವತ್ತೈದು ಡಿಗ್ರಿ ಅದ. ಮೂವತ್ತಾರೂವರೆ ಆಗಬೇಕು. ಸಂಜಿತನ ಏರಲಿಲ್ಲಂದ್ರ ಲಾತೂರಿನ ದೊಡ್ಡ ದವಾಖಾನಿಗಿ ಒಯ್ಯೋದೇ" ಎಂದರು. ಅಷ್ಟು ಸಣ್ಣ ಜೀವವನ್ನು ಆ ಚಳಿಗಾಳಿಯಲ್ಲಿ ಅಷ್ಟು ದೂರ ಒಯ್ಯುವುದು ಹೇಗೆ?

ನಮ್ಮಲ್ಲಿ ಬಾಣಂತಿಯ ಹೊರಸಿನ ಕೆಳಗೆ ಶೆಗಡಿ ಇಡುತ್ತೇವೆ, ಕೆಂಡ ತುಂಬಿದ ಮಣ್ಣಿನ ಒಲೆ. ಅದರ ಕಾವಿನಲ್ಲೇ ತಾಯಿ, ಕೂಸು ಇಬ್ಬರೂ ಗಟ್ಟಿಯಾಗುತ್ತಾರೆ. ನಾನು ತಡಮಾಡದೆ ಶೇರ್ ಆಟೋದಲ್ಲಿ ಊರಿಗೆ ಹೋಗಿ, ಶೆಗಡಿಯನ್ನೂ ಒಂದು ಚೀಲ ಸಗಣಿ ಕುಳ್ಳನ್ನೂ ಹೊತ್ತು ತಿರುಗಿ ಬಂದೆ. ದವಾಖಾನೆಯ ಬಾಗಿಲಲ್ಲಿ ಕಾವಲುಗಾರ ಚೀಲ ಬಿಚ್ಚಿಸಿದ.

"ಆಜೀ, ಇದೇನು? ದವಾಖಾನಿಗಿ ಬೆಂಕಿ ಹಚ್ಚಲಾಕ ಬಂದೀರೇನು?"

"ನಿನ್ನ ಅವ್ವ ನಿನಗ ಶೆಗಡಿ ಕಾವು ಕೊಟ್ಟಿದ್ದಿಲ್ಲೇನಪಾ? ಅದಕ್ಕೇ ಇಷ್ಟು ಎತ್ತರ ಬೆಳದೀದಿ."

"ಕೊಟ್ಟಾಳ, ಮನ್ಯಾಗ ಕೊಟ್ಟಾಳ. ಇಲ್ಲಿ ಒಳಗ ಆಕ್ಸಿಜನ್ ಅದ. ಒಂದು ಕಿಡಿ ಹಾರಿದ್ರ ನೀವೂ ಇಲ್ಲ, ನಾನೂ ಇಲ್ಲ. ಇಲ್ಲೇ ಇಟ್ಟು ಹೋಗ್ರಿ, ನಾ ಕಾಯತೀನಿ."

ಬರಿಗೈಯಲ್ಲಿ ಸೊಸೆಯ ಹಾಸಿಗೆಯ ಹತ್ತಿರ ಹೋಗಿ ಅತ್ತುಬಿಟ್ಟೆ. ನನ್ನ ಸೊಸೆ ನೀಲಂಗಾದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಜ್ವರದಲ್ಲೂ ಅವಳ ಮಾಸ್ತರಿಕೆ ಹೋಗಿರಲಿಲ್ಲ.

"ಅತ್ತಿ, ಅಳಬ್ಯಾಡ್ರಿ. ಕೆಂಡದ ಕಿಡಿ ಒಂದು ಕೈಮ್ಯಾಲ ಬಿದ್ದ್ರ ಏನಾಗತದ?"

"ಚುರ್ ಅಂತದ."

"ಆಮ್ಯಾಲ?"

"ಆಮ್ಯಾಲೇನು, ಆರಿ ಹೋಗತದ."

"ಹಂಡೆ ತುಂಬ ಉಗುರುಬೆಚ್ಚನ್ನ ನೀರು ಇದ್ದ್ರ?"

"ಮನಿಮಂದಿ ಎಲ್ಲಾ ಮೈ ತೊಳಕೋಬಹುದು."

"ನೋಡ್ರಿ ಮತ್ತ. ಕಿಡಿದು ತಾಪಮಾನ ಭಾಳ, ಆದರ ಅದರಾಗ ಶಾಖ ಚಿಟಿಕಿಯಷ್ಟು. ಹಂಡೇದು ತಾಪಮಾನ ಕಡಿಮಿ, ಶಾಖ ರಾಶಿ ರಾಶಿ. ನಮ್ಮ ಕೂಸಿಗಿ ಸುಡೋ ಕಿಡಿ ಬ್ಯಾಡ, ಹಂಡೆ ಬೇಕು."

ಅಷ್ಟರಲ್ಲಿ ನರ್ಸ್ ಬಂದಳು. ಔರಾದ ಶಹಾಜನಿಯ ಕಡೆಯವಳು. ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಬೆಚ್ಚಗಿಡುವ ಪೆಟ್ಟಿಗೆಗಳಲ್ಲಿ ನಮ್ಮ ಕೂಸಿಗಿಂತ ಕಷ್ಟದಲ್ಲಿದ್ದ ಮಕ್ಕಳಿದ್ದವು, ಒಂದೂ ಖಾಲಿ ಇರಲಿಲ್ಲ. "ಯಾರಾದ್ರೂ ಒಬ್ಬರು ಬರಿ ಎದಿ ಮ್ಯಾಲ ಕೂಸಿನ್ನ ಹಾಕ್ಕೊಂಡು ಕೂಡಬೇಕು. ಚರ್ಮಕ್ಕ ಚರ್ಮ ಹತ್ತಬೇಕು" ಎಂದಳು. ಸೊಸೆಗೆ ಜ್ವರ. ಮಗನಿಗೆ ಕೆಮ್ಮು, ಅವನನ್ನು ಕೂಸುಗಳ ಕೋಣೆಯ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಉಳಿದವಳು ನಾನೇ.

"ಈ ವಯಸ್ಸಿನ್ಯಾಗ ಕುಪ್ಪಸ ಬಿಚ್ಚಿ ಕೂಡಲೇನು?" ಎಂದೆ. ನರ್ಸ್ ನಕ್ಕು ಪರದೆ ಎಳೆದಳು. ನಾಚಿಕೆ ಪರದೆಯ ಹಿಂದೆ ಹೋಯಿತು. ಆದರೆ ಇನ್ನೊಂದು ತೊಡಕು ಉಳಿಯಿತು.

ನನ್ನ ಕೊರಳಲ್ಲಿ ಬೆಳ್ಳಿಯ ಕರಡಿಗೆಯಿತ್ತು, ಅದರೊಳಗೆ ನನ್ನ ಇಷ್ಟಲಿಂಗ. ಶಾಲಿನ ಮೇಲೆ ತೂಗುತ್ತ ಬಂದದ್ದರಿಂದ ಗಾಳಿಗೆ ಕೊರೆಯುತ್ತಿತ್ತು. "ಆಜೀ, ಇದು ತೆಗೀರಿ. ಕೂಸಿನ ಬಿಸಿ ಎಳಕೋತದ" ಎಂದಳು ನರ್ಸ್. ಹುಟ್ಟಿದಾಗ ಕಟ್ಟಿದ ಲಿಂಗ, ಮೈಮೇಲಿಂದ ತೆಗೆದವಳಲ್ಲ ನಾನು. ಸ್ನಾನದಲ್ಲಿ ಇಲ್ಲ, ಹೆರಿಗೆಯಲ್ಲಿ ಇಲ್ಲ. ಕೂಸಿನ ಪ್ರಾಣ ಉಳಿಸಲು ಹೋಗಿ ನನ್ನ ಪ್ರಾಣವನ್ನು ಮೇಜಿನ ಮೇಲಿಡಲೇ? ಕೈ ಕರಡಿಗೆಯ ಮೇಲೆಯೇ ನಿಂತಿತು. ಮತ್ತೆ ಸೊಸೆಯ ಬಳಿ ಓಡಿ ನರ್ಸ್ ಅಂದದ್ದನ್ನು ಹೇಳಿದೆ.

"ಅತ್ತಿ, ಆಕಿ ಅನ್ನೋದು ಖರೆ. ಅರಿವಿ ಮತ್ತ ಬೆಳ್ಳಿ ಒಂದೇ ಗೂಟಕ್ಕ ತೂಗಹಾಕಿದ್ರ ಎರಡರ ತಾಪಮಾನನೂ ಒಂದೇ. ಆದ್ರ ಮುಟ್ಟಿದ್ರ ಬೆಳ್ಳಿ ಥಂಡ ಅನಸತದ, ಯಾಕಂದ್ರ ಅದು ಮೈಯಾಗಿನ ಶಾಖ ಲಗು ಒಯ್ಯತದ." ಅವಳು ನನ್ನ ಕರಡಿಗೆಯನ್ನು ನೋಡಿ, "ಕೊರಳಾಗೇ ಇರಬೇಕಂತ ಎಲ್ಲಿ ಅದ? ಅರಿವ್ಯಾಗ ಸುತ್ತಿ ರಟ್ಟಿಗಿ ಕಟ್ಟಕೋರಿ. ಹಿರ್ಯಾರು ಕಟ್ಟಕೋತಿದ್ದಿಲ್ಲೇನು?" ಎಂದಳು.

ಹೌದಲ್ಲ! ನಮ್ಮ ಮಾವನೇ ಹೊಲಕ್ಕೆ ಹೋಗುವಾಗ ರಟ್ಟೆಗೆ ಕಟ್ಟಿಕೊಳ್ಳುತ್ತಿದ್ದರು. ಸೊಸೆ ಮಲಗಿದಲ್ಲಿಂದಲೇ ಅದನ್ನು ನನ್ನ ರಟ್ಟೆಗೆ ಗಂಟು ಹಾಕಿದಳು.

ಕೂಸನ್ನು ಎದೆಗೆ ಹಾಕಿದಾಗ ಹೊಳೆಯಿಂದ ತೆಗೆದ ಮೀನು ಮುಟ್ಟಿದಂತಾಯಿತು. ಅಷ್ಟು ತಣ್ಣಗೆ. ನನ್ನ ಮೈ ಜುಮ್ಮೆಂದಿತು. ಕೂಸಿನ ತಲೆಗೆ ಟೊಪ್ಪಿಗೆ, ಬೆನ್ನ ಮೇಲೆ ಶಾಲು ಹೊದಿಸಿ ನರ್ಸ್ ಕೇಳಿದಳು, "ಆಜೀ, ಉಂಡೀರೇನು?"

"ಕೂಸು ಹಿಂಗ ಇರುವಾಗ ಯಾರಿಗೆ ಊಟ?"

"ಒಲಿಗಿ ಕಟಗಿ ಹಾಕದೆ ಬಿಸಿ ಹ್ಯಾಂಗ ಬರತದ?" ಎಂದು ಗದರಿಸಿ, ನಾನು ಕಟ್ಟಿಕೊಂಡು ಬಂದಿದ್ದ ಜೋಳದ ಭಕ್ರಿಯನ್ನು ಮುರಿದು ತುತ್ತು ತುತ್ತಾಗಿ ತಿನ್ನಿಸಿದಳು. ಜೋಳವನ್ನು ಬಿಸಿಲು ಬೆಳೆಸಿತು, ನಾವು ರಾಶಿ ಮಾಡಿದೆವು, ಬೀಸಿ ರೊಟ್ಟಿ ಬಡಿದೆವು. ಇಷ್ಟು ವರ್ಷ ಉಣ್ಣುವುದೆಂದರೆ ಹೊಟ್ಟೆ ತುಂಬುವುದು ಎಂದೇ ತಿಳಿದಿದ್ದೆ. ಆ ದಿನ ಆ ಭಕ್ರಿ ನನ್ನೊಳಗೆ ಉರಿಯದ ಬೆಂಕಿಯಾಗಿ, ನನ್ನ ಚರ್ಮ ದಾಟಿ, ಕೂಸಿನ ಮುಷ್ಟಿಯಷ್ಟು ಮೈಯೊಳಗೆ ಇಳಿಯುತ್ತಿತ್ತು. ನಮ್ಮ ಹೊಲದ ಬಿಸಿಲೇ ಅವಳಿಗೆ ಮುಟ್ಟುತ್ತಿತ್ತು. ದೇವರ ಹೆಸರನ್ನೂ ಮನಸ್ಸಿನೊಳಗೇ ಹೇಳಿದೆ. ಉಸಿರು ಜೋರಾದರೆ ಅವಳು ಬೆಚ್ಚುವಳೆಂದು ಹೆದರಿಕೆ.

ಮಧ್ಯಾಹ್ನ ಒಮ್ಮೆ ನೋಡಿದರು. ಸ್ವಲ್ಪವೇ ಏರಿತ್ತು. ನರ್ಸ್ ಶಾಲು ಸರಿಮಾಡಿ ಹೋದಳು. ನನ್ನ ನಡು ಕಟ್ಟಿಗೆಯಾಯಿತು, ಕಾಲು ಜೋಮು ಹಿಡಿಯಿತು. ಅಲುಗಾಡಲಿಲ್ಲ. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಮೂಲೆಗೆ ಹೋಯಿತು. ಹೊರಗೆ ಮಗ ಲಾತೂರಿನ ಗಾಡಿಗೆ ಫೋನ್ ಮಾಡುತ್ತಿದ್ದದ್ದು ಕೇಳಿಸಿತು. ಆಗ ಎದೆಗೂ ಕೂಸಿಗೂ ನಡುವೆ ಒದ್ದೆಯಾಯಿತು. ಬೆವರು ನನ್ನದೋ ಅವಳದೋ ತಿಳಿಯಲಿಲ್ಲ.

ಡಾಕ್ಟರು ಬಂದು ಥರ್ಮಾಮೀಟರ್ ಹಚ್ಚಿದರು. ಕಾಯ್ದೆವು. ಅದು ಕುಂಯ್ ಎಂದಿತು.

"ಮೂವತ್ತಾರೂವರೆ. ಗಾಡಿ ಬ್ಯಾಡಂತ ಹೇಳ್ರಿ."

ನಾನು ನಗಬೇಕೆಂದೆ, ಅಳು ಬಂತು. ಅಲುಗಾಡಬಾರದಲ್ಲ, ಕಣ್ಣೀರು ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ. ನರ್ಸೇ ತನ್ನ ಕೈಯಿಂದ ಒರೆಸಿದಳು.

ಎರಡು ದಿನ ನಾನೇ ಹಾಗೆ ಕುಳಿತೆ. ಸೊಸೆಯ ಜ್ವರ ಇಳಿದ ಮೇಲೆ ಅವಳು ಗೋಡೆ ಹಿಡಿದು ನಡೆದು ಬಂದು ನನ್ನ ಮುಂದೆ ಕುಳಿತಳು.

"ಅತ್ತಿ, ಈಗ ನನಗ ಕೊಡ್ರಿ."

"ಇನ್ನಾ ಸ್ವಲ್ಪ ತಡಿ, ಮಲಗ್ಯಾಳ."

"ಭಾಳ ಆಸಿಬುರುಕಿ ಅದೀರಿ ಬಿಡ್ರಿ. ಹೆತ್ತಾಕಿ ನಾನು!"

ಕೊಟ್ಟೆ. ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ನನ್ನ ಎದೆಯ ಮೇಲೆ ಕೂಸಿದ್ದ ಜಾಗಕ್ಕೆ ಗಾಳಿ ತಾಗಿತು. ಅಷ್ಟೇ ಜಾಗ, ಅಂಗೈಯಗಲ, ತಣ್ಣಗೆ ಕೊರೆಯಿತು. ಸೆರಗು ಹೊದೆಯಬಹುದಿತ್ತು. ಬಹಳ ಹೊತ್ತು ಹೊದೆಯದೆ ಕುಳಿತಿದ್ದೆ.