ಮರಗಟ್ಟಿದ ನಲ್ಲಿಗೆ ದಾನಪ್ಪನ ಬಿಸಿಗಾಳಿ

ಬೆಳಗಿನ ಐದೂವರೆ. ಎಲಿಕಾಟ್ ಸಿಟಿಯ ಟೌನ್‌ಹೌಸ್ ಸಾಲೊಂದರ ಹಿಂದೆ, ಈ ಮನೆಗಳ ದುರಸ್ತಿ ನೋಡಿಕೊಳ್ಳುವ ದಾನಪ್ಪ ಹಿಮದಲ್ಲಿ ಮಂಡಿಯೂರಿ ಕೂತು, ಹೊರಗೋಡೆಯ ನಲ್ಲಿಗೆ ಹಳೆಯ ಕಂಬಳಿಯ ತುಂಡು ಸುತ್ತುತ್ತಿದ್ದಾರೆ. 1994ರ ಜನವರಿ. ಥರ್ಮಾಮೀಟರು ಸೊನ್ನೆಗಿಂತ ಹತ್ತೊಂಬತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಜೊತೆಗೆ ಬಂದಿರುವ ನನಗೆ ಎರಡು ಸ್ವೆಟರಿನ ಮೇಲೆ ಕೋಟು ತೊಟ್ಟೂ ಹಲ್ಲು ಕಟಕಟ ಅನ್ನುತ್ತಿವೆ. ಅವರು ಕೈಗವಸನ್ನು ಬಿಚ್ಚಿ ಜೇಬಿಗೆ ತುರುಕಿದ್ದಾರೆ. "ಗವಸು ಹಾಕ್ಕೊಂಡ್ರ ಗಂಟು ಬಿಗಿ ಬೀಳಂಗಿಲ್ರಿ" ಅನ್ನುತ್ತಾರೆ.

ಅಷ್ಟರಲ್ಲಿ ಸೊಂಟದ ಪೇಜರ್ ಕೂಗುತ್ತದೆ. ಕಚೇರಿಗೆ ಹೋಗಿ ಫೋನ್ ಮಾಡಿ ಬಂದವರ ಮುಖದಲ್ಲಿ ಆತುರ. ಕೊನೆಯ ಸಾಲಿನ ಶ್ರೀಲತಾ ಮನೆಯಲ್ಲಿ ರಾತ್ರಿಯಿಂದ ಒಂದು ತೊಟ್ಟು ನೀರಿಲ್ಲ. ಆಕೆ ಹನ್ನೆರಡು ದಿನದ ಬಾಣಂತಿ. ಗಂಡ ಕೆಲಸದ ಮೇಲೆ ಅಟ್ಲಾಂಟಾಕ್ಕೆ ಹೋದವರು ವಿಮಾನವಿಲ್ಲದೆ ಅಲ್ಲೇ ಉಳಿದಿದ್ದಾರೆ. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿರುವ ತಾಯಿ ರಾಜಲಕ್ಷ್ಮಮ್ಮ ಮಾತ್ರ ಜೊತೆಗಿದ್ದಾರೆ.

"ಕೊಳವಿ ಗ್ವಾಡಿಯೊಳಗ ಒಡೀತಂದ್ರ ಮನೀ ತುಂಬ ನೀರಾಗತೇತ್ರಿ. ಈ ಥಂಡ್ಯಾಗ ಹಸಿಗೂಸು ಕರಕೊಂಡು ಆಕಿ ಎಲ್ಲಿಗೆ ಹೋಗ್ಬೇಕು? ಮೊದಲ ಅಲ್ಲಿಗೆ ನಡೀರಿ."

ಗಟ್ಟಿಮಂಜಿನ ಮೇಲೆ ವ್ಯಾನು ಜಾರುತ್ತದೆ, ಹಾಗಾಗಿ ನಡಿಗೆಯೇ ಗತಿ. ಹೆಗಲ ಚೀಲದಲ್ಲಿ ಸ್ಪ್ಯಾನರುಗಳು, ಟಾರ್ಚು, ಕೂದಲು ಒಣಗಿಸುವ ಹಳೆಯ ಡ್ರೈಯರು. ಅದು ಹೆಂಡತಿ ಸಿದ್ದೇಶ್ವರಿಯದು. ಆಕೆ ನರ್ಸು. ಆರು ವರ್ಷದ ಹಿಂದೆ ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗ ಆಕೆಯ ಬೆನ್ನಿಗೆ ದಾನಪ್ಪ ಬಂದರು. ಅದಕ್ಕೆ ಮುಂಚೆ ಗದಗಿನಲ್ಲಿ ಹದಿನಾಲ್ಕು ವರ್ಷ ಓಣಿಗಳಿಗೆ ನೀರು ಬಿಡುತ್ತಿದ್ದರು. ಎಂಟು ದಿನಕ್ಕೊಮ್ಮೆ ವಾಲ್ವ್ ತಿರುಗಿಸಬೇಕು. ಸ್ವಲ್ಪ ತಡವಾದರೂ ಕೊಡ ಹಿಡಿದ ಹೆಂಗಸರಿಂದ ಮಂಗಳಾರತಿ.

"ಅಲ್ಲಿ ಹನಿ ನೀರು ಸೋರಿದ್ರ ಹೊಟ್ಟಿ ಉರೀತಿತ್ತು. ಇಲ್ಲಿ ರಾತ್ರಿಯೆಲ್ಲ ನಲ್ಲಿ ಸಣ್ಣಗ ಬಿಟ್ಟಿಡ್ರಿ ಅಂತ ನಾನ ಹೇಳ್ತೀನಿ. ಹರಿಯೂ ನೀರು ಲಗೂನ ಹೆಪ್ಪಾಗಂಗಿಲ್ಲ. ನಮ್ಮ ಮಂದಿ ಕೇಳೂದಿಲ್ರಿ. ನಲ್ಲಿ ಸೋರಿದ್ರ ಲಕ್ಷ್ಮಿ ಹೋಗ್ತಾಳಂತ ಬಿಗಿ ಮಾಡ್ತಾರ. ಸಿಂಕಿನ ಕೆಳಗ ಅಕ್ಕಿ ಚೀಲ, ಮೊಸರಿನ ಖಾಲಿ ಡಬ್ಬಿ ತುಂಬತಾರ. ಕೊಳವಿಗೆ ಬೆಚ್ಚನ ಗಾಳಿ ಹೆಂಗ ಹತ್ತಬೇಕು?"

ಇಲ್ಲಿ ಇನ್ನೂರ ಹನ್ನೆರಡು ಮನೆ, ನೋಡಿಕೊಳ್ಳುವವರು ಮೂವರು. ಕಳೆದ ಚಳಿಗಾಲದಲ್ಲಿ ಹತ್ತೊಂಬತ್ತು ಕೊಳವೆ ಒಡೆದಿದ್ದವು. ಈ ಸಲ ಇದುವರೆಗೆ ಎರಡು. ಮನೆಮನೆ ಹತ್ತಿ ಸಿಂಕಿನ ಕೆಳಗಿನ ಬಾಗಿಲು ತೆರೆಸಿದ್ದರ ಫಲ ಅದು. ಒಡೆಯದೆ ಉಳಿದ ಕೊಳವೆಗೆ ಯಾರು ತಾನೇ ಶಹಬ್ಬಾಸ್ ಅಂದಾರು?

ಶ್ರೀಲತಾ ಮನೆಯ ಬಾಗಿಲು ತೆರೆದದ್ದೇ ಸಾಂಬ್ರಾಣಿಯ ವಾಸನೆ. ಅಡುಗೆಮನೆಯ ಸಿಂಕಿನ ಕೆಳಗೆ, ಕಬ್ಬಿಣದ ಬಾಣಲೆಯಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿದೆ. ರಾಜಲಕ್ಷ್ಮಮ್ಮ ಬಾರ್ಬೆಕ್ಯೂ ಒಲೆಯ ಇದ್ದಿಲು ತಂದು ಹಚ್ಚಿದ್ದಾರೆ.

"ಪೈಪಲ್ಲಿ ಕಟ್ಟಿದ ನೀರೂ ಕರಗತ್ತೆ, ಮಗೂಗೆ ಹೊಗೆ ಹಾಕೋದಕ್ಕೂ ಆಗತ್ತೆ. ಎರಡು ಗಂಟೆಯಿಂದ ಕಾಯ್ತಾ ಕೂತಿದೀನಪ್ಪ" ಅನ್ನುತ್ತಾರೆ ಅಜ್ಜಿ.

ದಾನಪ್ಪ ಕೈಗೆ ಟವೆಲ್ ಸುತ್ತಿಕೊಂಡು ಬಾಣಲೆ ಎತ್ತಿ ಹಿತ್ತಲಿನ ಹಿಮಕ್ಕೆ ಸುರಿಯುತ್ತಾರೆ. ಹಿಂದಿನ ಬಾಗಿಲು, ಮುಂದಿನ ಬಾಗಿಲು, ಕಿಟಕಿ, ಎಲ್ಲವನ್ನೂ ಹಾರು ಹೊಡೆಯುತ್ತಾರೆ. ಅಜ್ಜಿಗೆ ನಖಶಿಖಾಂತ ಸಿಟ್ಟು.

"ಬಾಣಂತಿ ಇರೋ ಮನೆ ಕಣಯ್ಯ, ಶೀತ ಹೊಡೆದ್ರೆ ಯಾರು ಗತಿ? ನಿನಗೆ ಅಕ್ಕತಂಗೀರಿಲ್ವಾ?"

"ತಪ್ಪಾತ್ರಿ ಅಮ್ಮಾರ" ಅನ್ನುತ್ತ ದಾನಪ್ಪ ಶ್ರೀಲತಾ ಕಡೆ ತಿರುಗುತ್ತಾರೆ. "ತಲಿ ನೋಯಾಕತ್ತೇತೇನವ್ವಾ?"

"ತುಂಬಾ ಹೆವಿ ಆಗಿದೆ ಅಂಕಲ್. ನಿದ್ದೆ ಇಲ್ಲ, ಅದಕ್ಕೇ ಅಂದ್ಕೊಂಡೆ."

ದಾನಪ್ಪ ಕೂಗಿದ ಎರಡೇ ನಿಮಿಷದಲ್ಲಿ, ಜಾರದಂತೆ ಚಕ್ರಕ್ಕೆ ಸರಪಳಿ ಬಿಗಿದ ಪಕ್ಕದ ಮನೆಯ ಗೋಪಿನಾಥರ ಕಾರು ಬಾಗಿಲಿಗೆ ಬರುತ್ತದೆ. ಚಳಿ ಹತ್ತಿದೆಯೇನೋ, ಮಗುವನ್ನು ಡಾಕ್ಟರಿಗೆ ತೋರಿಸೋಣ ಎಂದು ದಾನಪ್ಪ ಅಜ್ಜಿಯನ್ನು ಒಪ್ಪಿಸಿ, ಮೂವರನ್ನೂ ಆಸ್ಪತ್ರೆಗೆ ಕಳಿಸುತ್ತಾರೆ. ಶ್ರೀಲತಾಗೆ ಮಾತ್ರ ಕಾರಿನ ಹತ್ತಿರ ತಗ್ಗಿದ ದನಿಯಲ್ಲಿ ನಿಜ ಹೇಳುತ್ತಾರೆ. ಚಳಿಗೆಂದು ಬಿಗಿಯಾಗಿ ಮುಚ್ಚಿದ ಈ ಮನೆಗಳಲ್ಲಿ ಇದ್ದಿಲು ಉರಿದರೆ ಕಣ್ಣಿಗೆ ಕಾಣದ, ಮೂಗಿಗೂ ತಿಳಿಯದ ವಿಷಗಾಳಿ ತುಂಬುತ್ತದೆ. ಮಲಗಿದವರು ಏಳುವುದಿಲ್ಲ.

ಕಾರು ಹೋದ ಮೇಲೆ ದಾನಪ್ಪ ಮನೆಗೆ ಗಾಳಿಯಾಡಲು ಬಿಟ್ಟು ಹೊರಗೇ ಬಹಳ ಹೊತ್ತು ನಿಲ್ಲುತ್ತಾರೆ. ಆಮೇಲೆ ಒಳಗೆ ಬಂದು ನಲ್ಲಿ ತಿರುಗಿಸಿಟ್ಟು, ಡ್ರೈಯರು ಹಿಡಿದು, ನಲ್ಲಿಯ ಬುಡದಿಂದ ಗೋಡೆಯ ಕಡೆಗೆ ಕೊಳವೆಗೆ ಬಿಸಿಗಾಳಿ ಊದುತ್ತಾರೆ. ಅವಸರ ಮಾಡಿದರೆ ಕೊಳವೆ ಸೀಳುತ್ತದಂತೆ. ನಲವತ್ತು ನಿಮಿಷದ ಮೇಲೆ ನಲ್ಲಿ ಕೆಮ್ಮುತ್ತದೆ, ಉಗುಳುತ್ತದೆ, ಕೊನೆಗೆ ನೀರು ಬೀಳುತ್ತದೆ. ಕೊಳವೆ ಒಡೆದಿಲ್ಲ.

ಹತ್ತು ಗಂಟೆಗೆ ಮೂವರೂ ವಾಪಸ್. ರಕ್ತ ಪರೀಕ್ಷೆ ಮಾಡಿ, ಗಾಬರಿಯಿಲ್ಲ ಎಂದು ಡಾಕ್ಟರು ಕಳಿಸಿದ್ದಾರೆ. ಅವರ ಇಂಗ್ಲಿಷು ಅಜ್ಜಿಗೆ ತಿಳಿದಿಲ್ಲ, ಮಗಳು ಬಿಡಿಸಿ ಹೇಳಿಲ್ಲ. ಬಿಸಿನೀರು ಬಂದದ್ದೇ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತ, ದಾನಪ್ಪನಿಗೆ ಇನ್ನೊಂದು ಸುತ್ತು ಬೈಯುತ್ತಾರೆ. ಆಮೇಲೆ ಕಾಫಿಯನ್ನೂ ಕೊಡುತ್ತಾರೆ.

ಅಜ್ಜಿಗೆ ಯಾಕೆ ಹೇಳಲಿಲ್ಲ? ಹೊರಗೆ ಬಂದ ಮೇಲೆ ಕೇಳಿದೆ.

"ಏಳು ಸಮುದ್ರ ದಾಟಿ ಬಾಣಂತನಕ್ಕ ಬಂದಾರ್ರೀ. ನಿನ್ನ ಕೈಯಿಂದ ಇಂಥಾದ್ದು ಆಗ್ತಿತ್ತು ಅಂದ್ರ, ಮತ್ತ ಆ ಕೈಯಾಗ ಕೂಸು ಹಿಡೀತಾರೇನು? ಬೈದ್ರ ನನಗೇನು ಗಾಯ ಆಗತೈತಿ? ಆದ್ರ ನೀವು ಬರೀರಿ. ಉಳಿದವರಿಗೆ ಗೊತ್ತಾಗಬೇಕು. ಮನೀಯೊಳಗ ಇದ್ದಿಲು ಹಚ್ಚಬಾರದು."

ಪತ್ರಿಕೆಯಲ್ಲಿ ಬಂದರೆ ಅಜ್ಜಿಗೂ ಗೊತ್ತಾದೀತು ಎಂದೆ. ಆ ಮನೆಯವರೆಲ್ಲರ ಹೆಸರು ಬದಲಿಸುತ್ತೇನೆ ಎಂದೂ ಮಾತು ಕೊಟ್ಟೆ, ಬದಲಿಸಿಯೂ ಇದ್ದೇನೆ. ಆದರೂ ದಾನಪ್ಪನಿಗೆ ಸಮಾಧಾನವಾಗಲಿಲ್ಲ. ಚೀಲ ಹೆಗಲಿಗೇರಿಸಿದರು.

"ಊರಾಗಿನ ನಮ್ಮವ್ವ ಬಸವ್ವ ಹಂಗ ಮಾಡಿದ್ಲಂತ ಬರೀರಿ. ಆಕಿಗೆ ಓದಾಕ ಬರಂಗಿಲ್ಲ. ಯಾರರೆ ಓದಿ ಹೇಳಿದ್ರೂ ತನ್ನ ತಪ್ಪಿನ ಮಾತು ಕಿವಿಗೆ ಹಾಕ್ಕೊಳ್ಳಂಗಿಲ್ಲ. ನನ್ನ ಮಗ ಒಂದು ಕೂಸು ಉಳಿಸ್ಯಾನ ಅಂತ ಓಣಿಗೆಲ್ಲ ಸಕ್ಕರಿ ಹಂಚತಾಳ."